ಅಳಿವೆಯ ಸೆನ್ಸರ್ ಜಾಲ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ನೀರಿನ ಗುಣಮಟ್ಟ ಅಳೆಯುವ ನಿಸ್ತಂತು ಜಾಲದಲ್ಲಿ ಏನಾದರೂ ಕೆಟ್ಟರೆ ಹೆಚ್ಚಿನವರು ಮೊದಲು ದೋಣಿಯವನಿಗೆ ಫೋನ್ ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಕಳೆದ ಹದಿನೈದು ದಿನದ ಗ್ರಾಫ್ ತೆರೆದು, ಅದರ ಪಕ್ಕದಲ್ಲಿ ಆ ಜಾಗದ ಭರತ-ಇಳಿತದ ಪಟ್ಟಿ ಇಟ್ಟುಕೊಳ್ಳಿ. ದೋಷ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಕುರ್ಚಿಯಲ್ಲಿ ಕುಳಿತೇ ಮುಗಿಯುತ್ತದೆ. ಉಳಿದರ್ಧಕ್ಕೆ ದೋಣಿ ಬೇಕೇ ಬೇಕು, ಆದರೆ ಆಗ ಯಾವ ಸಾಮಾನು ಹೊರಬೇಕು ಎಂಬುದಾದರೂ ತಿಳಿದಿರುತ್ತದೆ.

ಇಲ್ಲಿ ಹೇಳುವುದೆಲ್ಲ ಉತ್ತರ ಕನ್ನಡದ ಅಘನಾಶಿನಿ, ಶರಾವತಿಯಂಥ ಅಳಿವೆಗಳಲ್ಲಿ ಹಾಕುವ ಸಾಮಾನ್ಯ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೆಲವು ನೋಡ್‌ಗಳು (ಸೆನ್ಸರ್, ರೇಡಿಯೊ ಇರುವ ಪೆಟ್ಟಿಗೆಗಳು) ನೀರಿನಲ್ಲಿ ನೆಟ್ಟ ಕಂಬದ ಮೇಲೆ, ಕೆಲವು ಲಂಗರು ಹಾಕಿದ ಬಾಯ್ (ತೇಲುಬುರುಡೆ) ಮೇಲೆ. ಒಂದೊಂದರಲ್ಲೂ ಉಷ್ಣತೆ, ವಾಹಕತೆ (ಉಪ್ಪಿನಂಶ ತಿಳಿಯುವುದು ಇದರಿಂದ), ಪಿಎಚ್, ಕರಗಿದ ಆಮ್ಲಜನಕ, ಟರ್ಬಿಡಿಟಿ (ನೀರಿನ ಕದಡು) ಸೆನ್ಸರ್. ಒಂದು ಸೌರ ಫಲಕ, ಒಂದು ಬ್ಯಾಟರಿ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೊ. ದಡದ ಎತ್ತರದ ಕಟ್ಟಡದ ಮೇಲೆ ನೋಡ್‌ಗಳ ಸಂದೇಶ ಹಿಡಿಯುವ ಗೇಟ್‌ವೇ, ಅಲ್ಲಿಂದ 4ಜಿ ಮೂಲಕ ಸರ್ವರ್. ನಿಮ್ಮದು ಬೇರೆ ರೇಡಿಯೊ ಆಗಿದ್ದರೂ ಹುಡುಕುವ ದಾರಿ ಇದೇ.

ಯಾವ ಹೊತ್ತಿಗೆ ಕೆಡುತ್ತದೆ?

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ ಆರಕ್ಕೆ ಬಂದ ಭರತ ನಾಳೆ ಏಳರ ಹತ್ತಿರ ಹತ್ತಿರ ಬರುತ್ತದೆ, ನಾಡಿದ್ದು ಇನ್ನೂ ತಡ. ದೋಷವೂ ಹೀಗೇ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ಜಾರುತ್ತಾ ಹೋದರೆ ಅದಕ್ಕೆ ಕಾರಣ ನೀರಿನ ಮಟ್ಟ. ರೇಡಿಯೊ ದಾರಿ, ನೀರಿನಿಂದ ಹೊರಗೆ ಬರುವ ಸೆನ್ಸರ್, ಎಳೆದಾಡುವ ಕೇಬಲ್, ಇವುಗಳಲ್ಲಿ ಒಂದು.

ದಿನವೂ ಅದೇ ಗಂಟೆಗೆ ಕೆಟ್ಟರೆ ಸೂರ್ಯನನ್ನು ಹಿಡಿಯಿರಿ. ನಸುಕಿನಲ್ಲಿ ನಾಪತ್ತೆಯಾಗಿ ಒಂಬತ್ತರ ಬಿಸಿಲಿಗೆ ಮರಳಿ ಬರುವ ನೋಡ್‌ಗೆ ಬ್ಯಾಟರಿ ಸಾಲುತ್ತಿಲ್ಲ. ನಡುಮಧ್ಯಾಹ್ನ ಮಾತ್ರ ಕೆಡುವುದಾದರೆ ಪೆಟ್ಟಿಗೆಯೊಳಗಿನ ಶಾಖ.

ವಾರಗಟ್ಟಲೆ ಒಂದೇ ದಿಕ್ಕಿಗೆ ನಿಧಾನ ಜಾರುವ ಅಂಕಿ ಎಂದರೆ ಪಾಚಿ, ಬಾರ್ನಕಲ್ (ಗಟ್ಟಿಯಾಗಿ ಅಂಟಿಕೊಳ್ಳುವ ಚಿಪ್ಪಿನ ಜೀವಿ), ಇಲ್ಲವೇ ಮುದಿಯಾದ ಎಲೆಕ್ಟ್ರೋಡ್. ಒಂದೇ ಕ್ಷಣದಲ್ಲಿ ಮೆಟ್ಟಿಲಿನಂತೆ ಏರಿ ಅಥವಾ ಇಳಿದು ಅಲ್ಲೇ ನಿಂತರೆ ವೈರು, ಕನೆಕ್ಟರ್, ಅಥವಾ ಮನುಷ್ಯರ ಕೈ. ಗಾಳಿ ಎದ್ದಾಗ ಮಾತ್ರ ಕೆಟ್ಟರೆ ಬಾಯ್ ವಾಲುತ್ತಿದೆ, ಆಂಟೆನಾ ಅದರ ಜತೆ ವಾಲುತ್ತಿದೆ.

ಇದನ್ನೆಲ್ಲ ನೋಡುವ ಮೊದಲು ಗಡಿಯಾರ ಸರಿಯಿದೆಯೇ ನೋಡಿ, ಇಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ದಂಡ. ಅದಕ್ಕೊಂದು ಸುಲಭ ದಾರಿಯಿದೆ. ಬಿಸಿಲಿರುವ ದಿನ ಅಳಿವೆಯ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಗರಿಷ್ಠ, ಬೆಳಗಿನ ಜಾವ ಕನಿಷ್ಠ. ನಿಮ್ಮ ಗ್ರಾಫಿನಲ್ಲಿ ಆ ಗರಿಷ್ಠ ಬೆಳಿಗ್ಗೆ ಒಂಬತ್ತೂವರೆ-ಹತ್ತೂವರೆಗೆ ಕಾಣಿಸುತ್ತಿದ್ದರೆ ಸರ್ವರ್ ಗ್ರೀನಿಚ್ ಹೊತ್ತನ್ನು ಬರೆದುಕೊಳ್ಳುತ್ತಿದೆ. ಐದೂವರೆ ಗಂಟೆ ಸೇರಿಸುವುದು ಯಾರೋ ಮರೆತಿದ್ದಾರೆ. ಎಲ್ಲ ನೋಡ್‌ಗಳಲ್ಲೂ ಒಂದೇ ಪ್ರಮಾಣದ ವ್ಯತ್ಯಾಸವಿದ್ದರೆ ಸರ್ವರ್. ಒಂದರಲ್ಲಿ ಮಾತ್ರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಆ ನೋಡ್‌ನ ಗಡಿಯಾರದ ಚಿಪ್ ಅಥವಾ ಅದರ ನಾಣ್ಯ ಬ್ಯಾಟರಿ.

ಡೇಟಾ ಬಂದೇ ಇಲ್ಲ

ಎಷ್ಟು ನೋಡ್ ಮೌನವಾಗಿವೆ ಎಂಬುದು ಮೊದಲ ಪ್ರಶ್ನೆ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ನೀರಿಗಿಳಿಯುವ ಅಗತ್ಯವೇ ಇಲ್ಲ, ತೊಂದರೆ ದಡದಲ್ಲಿದೆ: ಕರೆಂಟು, ಗೇಟ್‌ವೇ, 4ಜಿ ಮೋಡೆಮ್, ಸರ್ವರ್. ಮೇ ತಿಂಗಳ ಗುಡುಗು-ಸಿಡಿಲಿನ ನಂತರ ಗೇಟ್‌ವೇಯ ಅಡಾಪ್ಟರ್ ಸುಡುವುದು ನಮ್ಮ ಕಡೆ ಮಾಮೂಲು. ಸಿಮ್‌ನ ರೀಚಾರ್ಜ್ ಮುಗಿದಿರುವುದು ಅದಕ್ಕಿಂತಲೂ ಮಾಮೂಲು, ಮತ್ತು ಲಕ್ಷಾಂತರ ರೂಪಾಯಿಯ ಜಾಲ ಮುನ್ನೂರು ರೂಪಾಯಿ ಕಟ್ಟದೆ ನಿಂತಿದೆ ಎಂದು ವರದಿ ಬರೆಯಲು ಯಾರಿಗೂ ಕೈ ಬರುವುದಿಲ್ಲ. ಒಂದೇ ದಿಕ್ಕಿನ ನೋಡ್‌ಗಳು ಮಾತ್ರ ಹೋಗಿದ್ದರೆ ಆ ದಿಕ್ಕಿಗೆ ಏನೋ ಅಡ್ಡ ಬಂದಿದೆ. ಒಂದೇ ಒಂದು ಹೋಗಿದ್ದರೆ ಅದರದೇ ಸಮಸ್ಯೆ.

ಆ ಒಂದರ ಕಥೆ ತಿಳಿಯಲು ಪ್ಯಾಕೆಟ್‌ನ ಕ್ರಮಸಂಖ್ಯೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೋರಾ ಜಾಲದ ನಿಯಮಾವಳಿಯಾದ ಲೋರಾವ್ಯಾನ್‌ನಲ್ಲಿ ನೋಡ್ ಕಳಿಸುವ ಪ್ರತಿ ಸಂದೇಶಕ್ಕೂ ಒಂದು ಫ್ರೇಮ್ ಕೌಂಟರ್ ಇರುತ್ತದೆ. ಪ್ರತಿ ಸಲ ಒಂದೊಂದೇ ಏರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಇದು ಕಾಣುವುದಿಲ್ಲ, ನೆಟ್‌ವರ್ಕ್ ಸರ್ವರ್‌ನ ಕಚ್ಚಾ ಲಾಗ್ ತೆರೆಯಬೇಕು. ಅಲ್ಲಿ ಮೂರು ಬಗೆಯ ಚಿತ್ರ ಸಿಗುತ್ತದೆ.

412, 413, 419, 420 ಹೀಗಿದ್ದರೆ ನೋಡ್ ತನ್ನ ಕೆಲಸ ಮಾಡಿದೆ. ನಡುವಿನ ಐದು ಸಂದೇಶ ಗಾಳಿಯಲ್ಲಿ ಕಳೆದಿವೆ. ತೊಂದರೆ ರೇಡಿಯೊದಲ್ಲಿದೆ.

412, 413, 0, 1, 2 ಹೀಗಿದ್ದರೆ ನೋಡ್ ಸತ್ತು ಹುಟ್ಟಿದೆ. ವಿದ್ಯುತ್ ಕುಸಿದಿದೆ, ಅಥವಾ ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ವಾಚ್‌ಡಾಗ್ ಎಂಬ ಕಾವಲು ಸರ್ಕ್ಯೂಟ್ ಅದನ್ನು ಮರುಚಾಲನೆ ಮಾಡಿದೆ. ಪದೇ ಪದೇ ಜಾಯಿನ್ ವಿನಂತಿ (ಜಾಲಕ್ಕೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬರುತ್ತಿದ್ದರೂ ಅರ್ಥ ಇದೇ.

412, 413, 414, 415 ಎಲ್ಲವೂ ಸರಿಯಾಗಿದ್ದು ಡ್ಯಾಶ್‌ಬೋರ್ಡ್ ಮಾತ್ರ ಖಾಲಿಯಿದ್ದರೆ ನೋಡ್‌ನ ತಪ್ಪೂ ಅಲ್ಲ, ಗಾಳಿಯ ತಪ್ಪೂ ಅಲ್ಲ. ಸಂದೇಶ ಬಿಡಿಸುವ ಡಿಕೋಡರ್ ಅಥವಾ ಡೇಟಾಬೇಸ್ ನೋಡಿ. ಫರ್ಮ್‌ವೇರ್ (ನೋಡ್‌ನೊಳಗಿನ ಪ್ರೋಗ್ರಾಂ) ಬದಲಿಸಿ ಡಿಕೋಡರ್ ಬದಲಿಸದೆ ಬಿಟ್ಟಾಗ ಹೀಗಾಗುತ್ತದೆ.

ಇನ್ನೂ ಒಂದು ಚಿತ್ರವಿದೆ, ಅದು ಸ್ವಲ್ಪ ಕುತಂತ್ರಿ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಬಿಸಿಲಿಗೆ ಚಾರ್ಜ್ ಆದ ನೋಡ್ ಜಾಯಿನ್ ವಿನಂತಿ ಕಳಿಸುತ್ತದೆ, ಗೇಟ್‌ವೇಗೆ ಅದು ಕೇಳುತ್ತದೆ, ಆದರೆ ಸರ್ವರ್ ಒಪ್ಪುವುದಿಲ್ಲ. ಪ್ರತಿ ಜಾಯಿನ್‌ಗೂ ಡೆವ್‌ನಾನ್ಸ್ ಎಂಬ ಸಂಖ್ಯೆ ಹೊಸದಾಗಿರಬೇಕು. ನೋಡ್ ಅದನ್ನು ಅಳಿಯದ ಮೆಮೊರಿಯಲ್ಲಿ ಉಳಿಸದಿದ್ದರೆ ಮತ್ತೆ ಹಳೆಯ ಸಂಖ್ಯೆಯಿಂದ ಶುರುಮಾಡುತ್ತದೆ, ಸರ್ವರ್ ಅದನ್ನು ನಕಲಿ ಎಂದು ತಳ್ಳುತ್ತದೆ. ಸ್ಥಿರ ಕೀಲಿಯ ಎಬಿಪಿ ವಿಧಾನದಲ್ಲಿ ಫ್ರೇಮ್ ಕೌಂಟರ್ ಸೊನ್ನೆಗೆ ಬಂದಾಗಲೂ ಇದೇ ಗತಿ. ತಾತ್ಕಾಲಿಕ ಪರಿಹಾರ ಸರ್ವರ್‌ನಲ್ಲಿ ಆ ನೋಡ್‌ನ ದಾಖಲೆಯನ್ನು ಮರುಹೊಂದಿಸುವುದು. ನಿಜವಾದ ಪರಿಹಾರ ಫರ್ಮ್‌ವೇರ್‌ನಲ್ಲಿ ಸಂಖ್ಯೆ ಉಳಿಸುವುದು. ಕೌಂಟರ್ ತಪಾಸಣೆಯನ್ನೇ ಬಂದ್ ಮಾಡಿ ಕೈತೊಳೆದುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಮುಂದಿನ ಸಲ ಮೇಲೆ ಹೇಳಿದ ಸಾಕ್ಷಿಯೇ ಇರುವುದಿಲ್ಲ.

ನೋಡ್ ಹೊಸದಾಗಿದ್ದು ಒಮ್ಮೆಯೂ ಜಾಯಿನ್ ಆಗಿಲ್ಲ ಎಂದಾದರೆ ಬ್ಯಾಂಡ್ ನೋಡಿ. ಹೊರದೇಶದಿಂದ ತರಿಸಿದ ಬೋರ್ಡ್‌ಗಳು ಯುರೋಪಿನ 868 ಮೆಗಾಹರ್ಟ್ಸ್ ಸೆಟ್ಟಿಂಗ್‌ನಲ್ಲಿ ಬರುತ್ತವೆ. ಭಾರತದ ಯೋಜನೆಯಲ್ಲಿ ಜಾಯಿನ್ ಆಗುವ ಚಾನೆಲ್‌ಗಳು 865.0625, 865.4025 ಮತ್ತು 865.985. ಗೇಟ್‌ವೇ ಇಲ್ಲಿ ಕಿವಿಗೊಟ್ಟು ಕೂತಿರುತ್ತದೆ, ನೋಡ್ ಅಲ್ಲಿ ಕೂಗುತ್ತಿರುತ್ತದೆ.

ಕಂಬದ ಮೇಲಿನ ನೋಡ್ ಭರತಕ್ಕೆ, ಬಾಯ್ ಇಳಿತಕ್ಕೆ

ರೇಡಿಯೊ ತೊಂದರೆ ಎಂದು ಗೊತ್ತಾದ ಮೇಲೆ ಆ ನೋಡ್ ಯಾವುದರ ಮೇಲೆ ಕೂತಿದೆ ಎಂದು ಕೇಳಿಕೊಳ್ಳಿ. ಕಂಬಕ್ಕೂ ಬಾಯ್‌ಗೂ ಕೆಡುವ ಹೊತ್ತು ತದ್ವಿರುದ್ಧ.

ನೀರಿನ ಮೇಲೆ ಹೋಗುವ ಅಲೆ ಎರಡು ದಾರಿಯಲ್ಲಿ ಗೇಟ್‌ವೇ ಮುಟ್ಟುತ್ತದೆ, ನೇರವಾಗಿ ಒಂದು, ನೀರಿಗೆ ಬಡಿದು ಒಂದು. ದೂರ ಹೆಚ್ಚಾದಂತೆ ಇವೆರಡೂ ಒಂದನ್ನೊಂದು ಕೊಲ್ಲತೊಡಗುತ್ತವೆ, ಮತ್ತು ಆಂಟೆನಾ ನೀರಿಗೆ ಹತ್ತಿರವಾದಷ್ಟೂ ಕೊಲೆ ಪಕ್ಕಾ. ಅಂಥ ದೂರದಲ್ಲಿ ಆಂಟೆನಾದ ಎತ್ತರ ಅರ್ಧವಾದರೆ ಸಿಗ್ನಲ್ 6 ಡಿಬಿ (ಡೆಸಿಬೆಲ್) ಇಳಿಯುತ್ತದೆ. ಕಂಬದ ಮೇಲಿನ ಆಂಟೆನಾ ಇಳಿತದಲ್ಲಿ ನೀರಿನಿಂದ 2 ಮೀಟರ್ ಮೇಲಿದೆ ಎಂದುಕೊಳ್ಳಿ. ಒಂದೂವರೆ ಮೀಟರ್ ಭರತ ಬಂದರೆ ಉಳಿಯುವುದು ಅರ್ಧ ಮೀಟರ್. ಎತ್ತರ ಕಾಲು ಭಾಗಕ್ಕೆ ಇಳಿಯಿತು, ಸಿಗ್ನಲ್ 12 ಡಿಬಿ ಹೋಯಿತು. ಲೋರಾದಲ್ಲಿ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಹೆಚ್ಚಿದಷ್ಟೂ ಸಂದೇಶ ನಿಧಾನ, ಆದರೆ ದೂರಕ್ಕೆ ಕೇಳುತ್ತದೆ; ಎಸ್‌ಎಫ್ 7ರಲ್ಲಿ ಅಂಚಿನಲ್ಲಿದ್ದ ಸಂಪರ್ಕ ಕಡಿದುಹೋಗಲು ಅಷ್ಟು ಧಾರಾಳ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ ಮಾತ್ರ ಕಾಣೆಯಾಗಿ ಅಷ್ಟಮಿಯ ಆಸುಪಾಸಿನಲ್ಲಿ ಪೂರ್ತಿ ಸರಿಯಾಗಿರುವ ನೋಡ್ ಕಂಡರೆ ಇನ್ನೇನೂ ಹುಡುಕಬೇಡಿ. ಆಂಟೆನಾ ಎತ್ತರಿಸಿ.

ತೇಲುವ ಬಾಯ್ ನೀರಿನ ಜತೆಗೇ ಏರಿಳಿಯುತ್ತದೆ, ಅದಕ್ಕೆ ಈ ತೊಂದರೆ ಇಲ್ಲ. ಅದರ ಕಷ್ಟ ಇಳಿತದ್ದು. ನೀರು ಇಳಿದಾಗ ಅಳಿವೆ ಬಾಯಿಯ ಮರಳು ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು, ಕಟ್ಟಿಹಾಕಿದ ಬೋಟುಗಳ ಮೈ ಎಲ್ಲವೂ ಬಾಯ್‌ಗಿಂತ ಎತ್ತರವಾಗುತ್ತವೆ. ಕಣ್ಣಿಗೆ ಗೇಟ್‌ವೇ ಕಂಡರೆ ಸಾಲದು. 866 ಮೆಗಾಹರ್ಟ್ಸ್‌ನಲ್ಲಿ ಎರಡು ಕಿಲೋಮೀಟರ್ ದಾರಿಗೆ ನಡುವೆ ಬೇಕಾದ ಖಾಲಿ ಜಾಗದ ತ್ರಿಜ್ಯ ಸುಮಾರು 13 ಮೀಟರ್, ಅದರ ಅರುವತ್ತು ಶೇಕಡಾ ಎಂದರೂ 8 ಮೀಟರ್. ಬಾಯ್ ಮೇಲೆ ಇದನ್ನು ಸಾಧಿಸುವುದು ಅಸಾಧ್ಯ. ಗೇಟ್‌ವೇಯನ್ನೇ ಎತ್ತರಿಸಬೇಕು, ಇಲ್ಲವೇ ಇನ್ನೊಂದು ದಡದಲ್ಲಿ ಎರಡನೆಯ ಗೇಟ್‌ವೇ ಇಡಬೇಕು. ನನ್ನ ಮಟ್ಟಿಗೆ ಎರಡನೆಯ ಗೇಟ್‌ವೇ ಎಂದಿಗೂ ದಂಡವಾಗಿಲ್ಲ.

ಇದರ ಜತೆ ಎಡಿಆರ್ ಎಂಬ ಬುದ್ಧಿವಂತಿಕೆ ಸೇರಿಕೊಂಡರೆ ಗೊಂದಲ ದುಪ್ಪಟ್ಟು. ಸಿಗ್ನಲ್ ಚೆನ್ನಾಗಿರುವ ಹೊತ್ತಿನಲ್ಲಿ ಸರ್ವರ್ ನೋಡ್‌ಗೆ ‘ಎಸ್‌ಎಫ್ 7ಕ್ಕೆ ಬಾ, ಪವರ್ ಕಡಿಮೆ ಮಾಡು’ ಎಂದು ಹೇಳುತ್ತದೆ. ಆರು ಗಂಟೆ ಕಳೆದು ನೀರಿನ ಮಟ್ಟ ಬದಲಾದಾಗ ನೋಡ್ ಅದೇ ಮೆಲುದನಿಯಲ್ಲಿ ಮಾತಾಡುತ್ತಿರುತ್ತದೆ, ಯಾರಿಗೂ ಕೇಳುವುದಿಲ್ಲ. ತಾನು ಕಳೆದುಹೋಗಿದ್ದೇನೆ ಎಂದು ಅದಕ್ಕೆ ಅರಿವಾಗಿ ದನಿ ಏರಿಸುವಷ್ಟರಲ್ಲಿ ಹತ್ತಾರು ಸಂದೇಶ ಹೋಗಿರುತ್ತವೆ. ಭರತ-ಇಳಿತದ ನೀರಿನಲ್ಲಿ ಎಡಿಆರ್ ಬಂದ್ ಮಾಡಿ, ಎಸ್‌ಎಫ್ 9 ಅಥವಾ 10ಕ್ಕೆ ಗಟ್ಟಿಯಾಗಿ ಕಟ್ಟಿಹಾಕಿ. ಎಲ್ಲವನ್ನೂ ಎಸ್‌ಎಫ್ 12ಕ್ಕೆ ಏರಿಸುವುದು ಬೇಡ: ಒಂದು ತುಂಬಿದ ಸಂದೇಶ ಎರಡೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ನೋಡ್‌ಗಳು ಒಂದರ ಮೇಲೊಂದು ಮಾತಾಡತೊಡಗುತ್ತವೆ, ಬ್ಯಾಟರಿಯೂ ಸೋರುತ್ತದೆ. ಜತೆಗೆ ಎಸ್‌ಎಫ್ 10ರಿಂದ 12ರವರೆಗೆ ಸಂದೇಶದ ಗಾತ್ರ 51 ಬೈಟ್ ಮೀರುವಂತಿಲ್ಲ. ಹೊಸ ಸೆನ್ಸರ್ ಒಂದನ್ನು ಸೇರಿಸಿದ ದಿನದಿಂದ ದೂರದ ನೋಡ್‌ಗಳು ಮಾತ್ರ ಮೌನವಾದರೆ ಈ 51ನ್ನು ನೆನಪಿಸಿಕೊಳ್ಳಿ.

ಕೊನೆಗೆ ಆಂಟೆನಾದ ಬುಡ. ಕನೆಕ್ಟರ್‌ನೊಳಗೆ ಹಸಿರು ಕಿಲುಬು ಕಂಡರೆ ಒರೆಸಿ ಮತ್ತೆ ಹಾಕಬೇಡಿ, ಕೇಬಲ್ ತುಂಡನ್ನೇ ಬದಲಿಸಿ. ಉಪ್ಪುನೀರು ಕೇಬಲ್‌ನ ಜಾಲರಿಯೊಳಗೆ ದಾರಿ ಮಾಡಿಕೊಂಡು ಗೇಣುಗಟ್ಟಲೆ ಒಳಗೆ ಹೋಗಿರುತ್ತದೆ. ಆಂಟೆನಾ ಅಲೆಗೆ ಮುಳುಗುವಷ್ಟು ಕೆಳಗಿದ್ದರೆ ಮಾತೇ ಬೇಡ, ಈ ತರಂಗ ಸಮುದ್ರದ ನೀರಿನಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನಲ್ಲೇ ಸೊರಗಿಹೋಗುತ್ತದೆ.

ಬ್ಯಾಟರಿ

ಬೆಳಿಗ್ಗೆ ಆರರ ವೋಲ್ಟೇಜ್ ನೋಡಿ, ಮಧ್ಯಾಹ್ನದ್ದನ್ನಲ್ಲ. ಮಧ್ಯಾಹ್ನ ನೀವು ಓದುವುದು ಫಲಕದ ವೋಲ್ಟೇಜ್. ಆರರ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಬರುವುದಕ್ಕಿಂತ ಖರ್ಚು ಜಾಸ್ತಿ ಎಂದರ್ಥ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇದೂ ಮೋಸ ಮಾಡುತ್ತದೆ: 12.8 ವೋಲ್ಟಿನ ಪ್ಯಾಕ್ ಮುಕ್ಕಾಲು ಪಾಲು ಖಾಲಿಯಾಗುವವರೆಗೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ತೋರಿಸಿ ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ರೇಡಿಯೊ ಕಳಿಸುತ್ತಿರುವ ಕ್ಷಣದ ವೋಲ್ಟೇಜ್ ಮತ್ತು ಸುಮ್ಮನಿರುವಾಗಿನ ವೋಲ್ಟೇಜ್ ಎರಡನ್ನೂ ದಾಖಲಿಸಿ. ಎರಡರ ಅಂತರ ದೊಡ್ಡದಾಗುತ್ತಾ ಹೋದರೆ ಬ್ಯಾಟರಿ ಮುದಿಯಾಗಿದೆ ಅಥವಾ ತಂತಿಯ ಜೋಡಣೆ ಕಿಲುಬು ಹಿಡಿದಿದೆ.

ಫಲಕದ ವಿಷಯಕ್ಕೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಅಕ್ಟೋಬರ್‌ನಿಂದ ಹಕ್ಕಿಯ ಹಿಕ್ಕೆ. ನೀರುಕಾಗೆ, ಕೊಕ್ಕರೆ, ಕಡಲಹಕ್ಕಿಗಳಿಗೆ ಅಳಿವೆಯ ನಡುವೆ ಕೂರಲು ಇಂಥ ಜಾಗ ಬೇರೆಲ್ಲಿ ಸಿಗಬೇಕು? ನಮ್ಮ ಅಕ್ಷಾಂಶಕ್ಕೆ ಪುಸ್ತಕ ಹೇಳುವ ಓರೆ 14–15 ಡಿಗ್ರಿ. ನಾನು ಅದಕ್ಕಿಂತ ಕಡಿದಾಗಿಯೇ ಇಡುತ್ತೇನೆ. ಹಕ್ಕಿ ಕೂರುವುದು ಕಡಿಮೆ, ಮಳೆ ತೊಳೆಯುವುದು ಹೆಚ್ಚು. ಮಳೆಗಾಲದ ಲೆಕ್ಕವನ್ನು ಬಿಸಿಲಿನ ದಿನಗಳ ಮೇಲೆ ಹಾಕಬೇಡಿ. ಬಿಸಿಲೇ ಕಾಣದ ಒಂದು ವಾರವನ್ನು ದಾಟುವಷ್ಟು ಬ್ಯಾಟರಿ ಇರಲಿ, ಅಥವಾ ವೋಲ್ಟೇಜ್ ಇಳಿದಾಗ 15 ನಿಮಿಷಕ್ಕೊಮ್ಮೆ ಅಳೆಯುವುದನ್ನು ಗಂಟೆಗೊಮ್ಮೆ ಮಾಡುವಂತೆ ಪ್ರೋಗ್ರಾಂ ಬರೆಯಿರಿ. ಟರ್ಬಿಡಿಟಿ ಸೆನ್ಸರ್‌ನ ಒರೆಸುವ ಮೋಟಾರು ವಿದ್ಯುತ್ ತಿನ್ನುವವರಲ್ಲಿ ಮುಂದಿನ ಸಾಲಿನದು. ಅದರ ರೆಕ್ಕೆ ಬಾರ್ನಕಲ್‌ಗೆ ಸಿಕ್ಕಿಕೊಂಡು ತಿರುಗದೆ ನಿಂತರೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಬರಿದು.

ಅಂಕಿ ಬರುತ್ತಿದೆ, ನಂಬಲಾಗದು

ಕೆಲವು ಅಂಕಿಗಳು ಅಳತೆಯೇ ಅಲ್ಲ, ಸೆನ್ಸರ್‌ನ ಗೋಳು. ಡಿಎಸ್18ಬಿ20 ಉಷ್ಣಮಾಪಕ 85.0 ಡಿಗ್ರಿ ತೋರಿಸಿದರೆ ಅದು ಅಳೆಯುವ ಮೊದಲೇ ನೀವು ಓದಿದ್ದೀರಿ, ಅಥವಾ ಅದಕ್ಕೆ ಸಿಗುವ ವಿದ್ಯುತ್ ಕೈಕೊಟ್ಟಿದೆ. ಮೈನಸ್ 127 ಎಂದರೆ ತಂತಿಯ ಆ ತುದಿಯಲ್ಲಿ ಯಾರೂ ಇಲ್ಲ. ಮಾಡ್‌ಬಸ್ ಎಂಬ ತಂತಿ ಸಂವಹನ ಪದ್ಧತಿಯ ಸೆನ್ಸರ್‌ನಿಂದ 65535 ಅಥವಾ 6553.5 ಬಂದರೆ ಎಲ್ಲ ಬಿಟ್‌ಗಳೂ 1 ಆಗಿವೆ, ಉತ್ತರ ಬಂದಿಲ್ಲ. 4–20 ಮಿಲಿಆಂಪಿಯರ್ ಸೆನ್ಸರ್‌ನಲ್ಲಿ 4ಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದರೆ ವೈರು ತುಂಡಾಗಿದೆ. ಇವನ್ನು ಸರಾಸರಿಗೆ ಸೇರಿಸಿ ‘ಈ ತಿಂಗಳು ನೀರು ಬಿಸಿಯಾಗಿದೆ’ ಎಂದು ವರದಿ ಬರೆದ ಉದಾಹರಣೆ ಇಲ್ಲದಿಲ್ಲ.

ಇದಕ್ಕಿಂತ ಅಪಾಯಕಾರಿ ಎಂದರೆ ನಂಬುವಂತೆ ಕಾಣುವ ಸುಳ್ಳು. ಪಿಎಚ್ 7.0 ಅಂಥದ್ದು. ಗಾಜಿನ ಎಲೆಕ್ಟ್ರೋಡ್ ಪಿಎಚ್ 7ರಲ್ಲಿ ಸೊನ್ನೆ ಮಿಲಿವೋಲ್ಟ್ ಕೊಡುತ್ತದೆ. ಹಾಗಾಗಿ ಕನೆಕ್ಟರ್‌ಗೆ ನೀರು ನುಗ್ಗಿ ಶಾರ್ಟ್ ಆದಾಗಲೂ ಸೊನ್ನೆ, ಅಂದರೆ ಪರದೆಯ ಮೇಲೆ ಮುದ್ದಾದ 7. ಹೊಸಬರು ‘ತಟಸ್ಥ ನೀರು, ಬಹಳ ಒಳ್ಳೆಯದು’ ಎನ್ನುತ್ತಾರೆ. ಸಮುದ್ರದ ನೀರು 8.1ರ ಆಸುಪಾಸು ಇರಬೇಕು. ಅಲುಗದ 7 ಕಂಡರೆ ಎಲೆಕ್ಟ್ರೋಡ್ ಬಿಚ್ಚಿ. ಈ ಗಾಜಿನ ಒಳರೋಧ ನೂರಾರು ಮೆಗಾಓಮ್, ಬೆರಳಿನ ಬೆವರು ತಾಗಿದರೂ ಸಾಕು ಸಿಗ್ನಲ್ ಸೋರಲು. ಕನೆಕ್ಟರನ್ನು ಆಲ್ಕೋಹಾಲ್‌ನಿಂದ ತೊಳೆದು, ಒಣಗಿಸಿ, ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಅದ್ದಿ ನೋಡಿ. 25 ಡಿಗ್ರಿಯಲ್ಲಿ ಒಂದು ಪಿಎಚ್ ಮೆಟ್ಟಿಲಿಗೆ 59 ಮಿಲಿವೋಲ್ಟ್ ಬರಬೇಕು: ಬಫರ್ 7ರಲ್ಲಿ ಸೊನ್ನೆಯ ಹತ್ತಿರ, 10ರಲ್ಲಿ ಮೈನಸ್ 177, 4ರಲ್ಲಿ ಪ್ಲಸ್ 177. ಮೆಟ್ಟಿಲು 50ಕ್ಕಿಂತ ಕೆಳಗಿಳಿದರೆ ಎಲೆಕ್ಟ್ರೋಡ್ ಎಸೆಯಿರಿ. ಒಣಗಿದ್ದರೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸುವುದು ಅದನ್ನು ಕೊಲ್ಲುವ ಅತ್ಯಂತ ಶುಚಿಯಾದ ವಿಧಾನ.

ಪಿಎಚ್ ಬಫರ್‌ನಲ್ಲಿ ಸರಿಯಿದ್ದು ಅಳಿವೆಯಲ್ಲಿ ಮಾತ್ರ ಹುಚ್ಚಾಟ ಆಡಿದರೆ? ಅದೇ ಅಳಿವೆಯ ನೀರನ್ನು ಪ್ಲಾಸ್ಟಿಕ್ ಬಕೆಟ್‌ಗೆ ತುಂಬಿ ಪಿಎಚ್ ಎಲೆಕ್ಟ್ರೋಡ್ ಒಂದನ್ನೇ ಅದರಲ್ಲಿ ಇಳಿಸಿ. ಅಂಕಿ ಸರಿಯಾಯಿತೇ? ಈಗ ವಾಹಕತೆಯ ಸೆನ್ಸರನ್ನೂ ಅದೇ ಬಕೆಟ್‌ಗೆ ಇಳಿಸಿ. ಅಂಕಿ ನೆಗೆಯಿತೇ? ಹಾಗಿದ್ದರೆ ಎರಡು ಸೆನ್ಸರ್‌ಗಳು ಉಪ್ಪುನೀರಿನ ಮೂಲಕವೇ ಒಂದಕ್ಕೊಂದು ವಿದ್ಯುತ್ ಹರಿಸುತ್ತಿವೆ. ಪಿಎಚ್ ಸರ್ಕ್ಯೂಟ್‌ಗೆ ವಿದ್ಯುತ್ ದಾರಿ ಬೇರ್ಪಡಿಸುವ ಪ್ರತ್ಯೇಕ ಐಸೊಲೇಟರ್ ಹಾಕಿ. ಅಲ್ಲಿಯವರೆಗೆ ಒಂದನ್ನು ಬಂದ್ ಮಾಡಿ ಇನ್ನೊಂದನ್ನು ಓದುವಂತೆ ಪ್ರೋಗ್ರಾಂ ತಿದ್ದಿ.

ಕರಗಿದ ಆಮ್ಲಜನಕದಲ್ಲಿ ದೋಷ ಎಷ್ಟೋ ಸಲ ಪಕ್ಕದ ಮನೆಯದು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ: 25 ಡಿಗ್ರಿಯಲ್ಲಿ ಸಿಹಿನೀರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, ಪೂರ್ತಿ ಸಮುದ್ರದ ನೀರಿಗೆ 6.7ರಷ್ಟು. ಸೆನ್ಸರ್‌ಗೆ ಉಪ್ಪಿನಂಶ ಎಷ್ಟೆಂದು ತಿಳಿಸದೆ ಸೊನ್ನೆಯಲ್ಲೇ ಬಿಟ್ಟರೆ ಅಥವಾ ಅದಕ್ಕೆ ಲೆಕ್ಕ ಕೊಡುವ ವಾಹಕತೆಯ ಸೆನ್ಸರ್ ಪಾಚಿ ಕಟ್ಟಿ ಕಡಿಮೆ ಓದಿದರೆ, ಇಲ್ಲದ ಆಮ್ಲಜನಕ ಕಾಗದದ ಮೇಲೆ ಹುಟ್ಟುತ್ತದೆ. ಸ್ನಾನಘಟ್ಟದಂಥ ಬಳಕೆಯ ಎಸ್‌ಡಬ್ಲ್ಯು-2 ವರ್ಗದ ಸಮುದ್ರದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿರುವ ಗೆರೆ 4 ಮಿಲಿಗ್ರಾಂ; ನಿಜವಾಗಿ 3.5 ಇರುವ ನೀರು 4.2 ಎಂದು ತೋರಿಸಿ ಪಾಸಾಗುತ್ತದೆ. ಗುರುತು ಸುಲಭ: ಶೇಕಡಾವಾರು ಸಂತೃಪ್ತಿ (ನೀರು ಹಿಡಿಯಬಲ್ಲ ಆಮ್ಲಜನಕದಲ್ಲಿ ಎಷ್ಟು ಪಾಲು ಇದೆ ಎಂಬ ಅಂಕಿ) ಸಹಜವಾಗಿದ್ದು ಮಿಲಿಗ್ರಾಂ ಮಾತ್ರ ಜಾಸ್ತಿಯಿದ್ದರೆ ಉಪ್ಪಿನ ಲೆಕ್ಕ ತಪ್ಪಿದೆ.

ಇಳಿತದ ಹೊತ್ತಿಗೆ ವಾಹಕತೆ ಸೊನ್ನೆ, ಆಮ್ಲಜನಕ ನೂರು ಶೇಕಡಾ, ಉಷ್ಣತೆ ನೆಗೆತ. ಈ ಮೂರೂ ಒಟ್ಟಿಗೆ ಕಂಡರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿದೆ. ಕೆಳಗಿಳಿಸಿ, ಆದರೆ ಕೆಸರು ತಾಗದಷ್ಟು.

ಮೈಗೆ ಹತ್ತುವ ಜೀವಿಗಳು

ಮಳೆ ನಿಂತು ನೀರಿಗೆ ಉಪ್ಪು ಮರಳಿದ ಮೇಲೆ ಬಾರ್ನಕಲ್‌ಗಳ ಕಾಲ. ಕೆಲವೇ ವಾರಗಳಲ್ಲಿ ಸೆನ್ಸರ್‌ನ ಕಾವಲು ಬುಟ್ಟಿ ಬಿಳಿ ಹುಣ್ಣೆದ್ದಂತೆ ಕಾಣುತ್ತದೆ. ಮಳೆಗಾಲದ ಸಿಹಿನೀರು ಇವನ್ನು ಕೊಲ್ಲುತ್ತದೆ, ಬದಲಿಗೆ ಕೆಮ್ಮಣ್ಣಿನ ರಾಡಿ ತಂದು ತುಂಬುತ್ತದೆ.

ಗ್ರಾಫಿನಲ್ಲಿ ಇದರ ಗುರುತು ಹೀಗೆ: ಟರ್ಬಿಡಿಟಿಯ ತಳರೇಖೆ ಮೆಲ್ಲಗೆ ಏರುತ್ತದೆ, ಒರೆಸುವ ರೆಕ್ಕೆ ತಿರುಗಿದಾಗೆಲ್ಲ ಸ್ವಲ್ಪ ಬೀಳುತ್ತದೆ. ವಾಹಕತೆ ಇಳಿಯುತ್ತದೆ. ಆಮ್ಲಜನಕದ ಹಗಲು-ರಾತ್ರಿಯ ಅಂತರ ಅಸಹಜವಾಗಿ ಹಿಗ್ಗುತ್ತದೆ, ಏಕೆಂದರೆ ಸೆನ್ಸರ್ ಅಳೆಯುತ್ತಿರುವುದು ಅಳಿವೆಯನ್ನಲ್ಲ, ತನ್ನ ಮೂತಿಯ ಮೇಲೆ ಬೆಳೆದ ಪಾಚಿಯ ಉಸಿರಾಟವನ್ನು.

ತೊಳೆಯುವಾಗ ಅವಸರ ಬೇಡ. ಮೊದಲು ಹಾಗೇ, ಕೊಳಕಿನಲ್ಲೇ, ಒಂದು ಶುದ್ಧ ಹೋಲಿಕೆ ಸೆನ್ಸರ್ ಜತೆ ಒಂದೇ ಬಕೆಟ್‌ನಲ್ಲಿಟ್ಟು ಓದಿ. ಆಮೇಲೆ ತೊಳೆದು ಮತ್ತೆ ಓದಿ. ಆಮೇಲೆ ಪ್ರಮಾಣ ದ್ರಾವಣದಲ್ಲಿ ಪರೀಕ್ಷಿಸಿ. ಮೊದಲ ಎರಡರ ಅಂತರ ಪಾಚಿಯದ್ದು, ಕೊನೆಯದ್ದು ಸೆನ್ಸರ್ ಸ್ವತಃ ಜಾರಿದ್ದು. ಎರಡನ್ನೂ ಬೇರ್ಪಡಿಸಿ ಬರೆದಿಟ್ಟರೆ ಹಳೆಯ ಡೇಟಾವನ್ನು ತಿದ್ದಬಹುದು. ಹೋದವರೇ ಉಜ್ಜಿ ತೊಳೆದುಬಿಟ್ಟರೆ ಹಿಂದಿನ ತಿಂಗಳು ಎಷ್ಟು ಸುಳ್ಳು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಬಾರ್ನಕಲ್ ಬಿಡಿಸಲು ತೆಳು ವಿನೆಗರ್, ಮೆತ್ತನೆಯ ಬ್ರಷ್. ಆಮ್ಲಜನಕದ ಆಪ್ಟಿಕಲ್ ಟೋಪಿಗೆ ಅಸಿಟೋನ್‌ನಂಥ ದ್ರಾವಕ ತಾಗಿಸಲೇಬೇಡಿ. ತಾಮ್ರದ ಪಟ್ಟಿ, ತಾಮ್ರದ ಜಾಲರಿ ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ಅಲ್ಯೂಮಿನಿಯಂ ಕವಚಕ್ಕೆ ನೇರ ತಾಗಿಸಿ ಸುತ್ತಿದರೆ ಉಪ್ಪುನೀರಿನಲ್ಲಿ ಕವಚವೇ ಕರಗುತ್ತದೆ. ನಡುವೆ ಪ್ಲಾಸ್ಟಿಕ್ ಪದರ ಕೊಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಕಡಲೂ ಬಿಡುವುದಿಲ್ಲ. ಆ ಎರಡು ತಿಂಗಳಲ್ಲಿ ಅಳಿವೆಯ ಒಳಗಿನ ನೋಡ್‌ಗಳಿಗೆ ಮಾತ್ರ ನಾಡದೋಣಿಯಲ್ಲಿ ಹೋಗಬಹುದು. ಹೊರಗಿನವನ್ನು ಮೇ ಕೊನೆಯೊಳಗೆ ತೊಳೆದು, ಓ-ರಿಂಗ್ ಬದಲಿಸಿ, ಸಿಲಿಕಾ ಜೆಲ್ ಹೊಸದು ಹಾಕಿ ಮುಗಿಸಿ. ಸಾಧ್ಯವಿದ್ದರೆ ಎತ್ತಿಕೊಂಡು ಬಂದುಬಿಡಿ.

ಕೆಟ್ಟದ್ದು ನೀರೋ, ಸೆನ್ಸರೋ?

ಅಘನಾಶಿನಿಗೆ ಅಣೆಕಟ್ಟಿಲ್ಲ. ಘಟ್ಟದಲ್ಲಿ ಮಳೆ ಸುರಿದರೆ ಬೆಳಚು (ಚಿಪ್ಪುಮೀನು) ಹೆಕ್ಕುವ ಅದೇ ನೀರು ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ. ಜೂನ್‌ನಲ್ಲಿ ವಾಹಕತೆ ನೆಲ ಕಚ್ಚಿತೆಂದು ಸೆನ್ಸರ್ ಬದಲಿಸಲು ಓಡಬೇಡಿ. ಪಕ್ಕದ ಶರಾವತಿಯ ಕಥೆ ಬೇರೆ: ಅಲ್ಲಿ ಮೇಲಿನ ವಿದ್ಯುದಾಗಾರಗಳಿಂದ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಅಳಿವೆಗೆ ಸಿಹಿನೀರು ಬರುತ್ತದೆ. ಭರತ-ಇಳಿತದ ಪಟ್ಟಿಗೂ ಸೂರ್ಯನಿಗೂ ಹೊಂದದ ಉಪ್ಪಿನ ಏರಿಳಿತ ಅಲ್ಲಿ ಕಂಡರೆ ಮೇಲಿನಿಂದ ಎಷ್ಟು ಹೊತ್ತಿಗೆ ನೀರು ಬಿಟ್ಟರು ಎಂದು ವಿಚಾರಿಸಿ.

ಮಳೆಗಾಲದ ಕೊನೆಗೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪಶ್ಚಿಮ ಕರಾವಳಿಯ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ದಡದತ್ತ ಏರಿ ಬರುತ್ತದೆ. ಅಳಿವೆ ಬಾಯಿಯ ನೋಡ್‌ನಲ್ಲಿ ಆಮ್ಲಜನಕ ಕುಸಿದಾಗ ಉಷ್ಣತೆಯೂ ಇಳಿದಿದೆಯೇ, ಉಪ್ಪಿನಂಶ ಏರಿದೆಯೇ, ಅದು ಭರತದ ಜತೆ ಒಳಬರುತ್ತಿದೆಯೇ ನೋಡಿ. ಮೂರಕ್ಕೂ ಹೌದು ಎಂದರೆ ಸೆನ್ಸರ್ ನಿಜ ಹೇಳುತ್ತಿದೆ. ನೀರು ಬದಲಾದರೆ ಎರಡು-ಮೂರು ಅಳತೆಗಳು ಒಟ್ಟಿಗೆ ಅಲುಗುತ್ತವೆ, ಮತ್ತು ಬದಲಾವಣೆ ಒಂದು ನೋಡ್‌ನಿಂದ ಮುಂದಿನದಕ್ಕೆ ಹೊತ್ತು ತೆಗೆದುಕೊಂಡು ಸರಿಯುತ್ತದೆ. ಸೆನ್ಸರ್ ಕೆಟ್ಟರೆ ಒಂದು ಜಾಗದಲ್ಲಿ ಒಂದೇ ಅಳತೆ ಅಲುಗುತ್ತದೆ. ಒಂದು ಜಾಗದಲ್ಲಿ ಎಲ್ಲ ಅಳತೆಗಳೂ ಒಂದೇ ಸೆಕೆಂಡಿನಲ್ಲಿ ಅಲುಗಿದರೆ ಮತ್ತೆ ವಿದ್ಯುತ್ತಿನ ಬಾಗಿಲಿಗೇ ಹೋಗಿ.

ಗಜನಿಯ (ಅಳಿವೆಯ ದಡದ ಉಪ್ಪುನೀರಿನ ಗದ್ದೆ) ಬಾಗಿಲು ತೆಗೆದಾಗ ಇಳಿತದ ಜತೆ ಬರುವ ನೀರು, ಬಂದರಿನಲ್ಲಿ ಹೂಳೆತ್ತುವಿಕೆ, ಬಲೆ ಎಳೆಯುವಾಗ ಬಾಯ್ ಜಾಗ ಬಿಟ್ಟು ಸರಿದದ್ದು, ಇವುಗಳನ್ನು ಯಾವ ಗ್ರಾಫೂ ಹೇಳುವುದಿಲ್ಲ. ದಡದಲ್ಲಿ ಬಲೆ ಹೊಲಿಯುತ್ತ ಕೂತವರನ್ನು ಕೇಳಿ.

ಕೆಟ್ಟ ಡೇಟಾ

ಅಳಿಸಬೇಡಿ. ಪಕ್ಕದಲ್ಲೊಂದು ಗುರುತಿನ ಕಾಲಂ ಇಡಿ. ಸಮುದ್ರ ಮಾಪನದಲ್ಲಿ ಬಳಕೆಯಲ್ಲಿರುವ ಕ್ಯೂಎಆರ್‌ಟಿಒಡಿ ಪದ್ಧತಿಯಲ್ಲಿ 1 ಎಂದರೆ ಸರಿ, 2 ಪರೀಕ್ಷಿಸಿಲ್ಲ, 3 ಅನುಮಾನ, 4 ಕೆಟ್ಟದ್ದು, 9 ಬಂದೇ ಇಲ್ಲ. ಅಲುಗದ ಪಿಎಚ್ 7ಕ್ಕೆ 4 ಹಾಕಿ, ಆಮ್ಲಜನಕದ ಹಠಾತ್ ಕುಸಿತಕ್ಕೆ ಪಕ್ಕದ ನೋಡ್ ನೋಡುವವರೆಗೆ 3. ನೋಡ್‌ನೊಳಗೆ ಒಂದು ಮೆಮೊರಿ ಕಾರ್ಡ್ ಇದ್ದರೆ ಗಾಳಿಯಲ್ಲಿ ಕಳೆದ 9ಗಳನ್ನು ಮುಂದಿನ ಭೇಟಿಯಲ್ಲಿ ತುಂಬಿಕೊಳ್ಳಬಹುದು. ಭೇಟಿಯ ಪುಸ್ತಕದಲ್ಲಿ ದಿನಾಂಕ, ಗಂಟೆ, ಭರತವೋ ಇಳಿತವೋ, ತೊಳೆಯುವ ಮೊದಲಿನ ಅಂಕಿ, ತೊಳೆದ ನಂತರದ ಅಂಕಿ, ಬದಲಿಸಿದ ಭಾಗದ ಸಂಖ್ಯೆ, ಹೋದವರ ಸಹಿ. ಪೆನ್ಸಿಲ್‌ನಲ್ಲಿ ಬರೆಯಿರಿ, ದೋಣಿಯಲ್ಲಿ ಪೆನ್ನಿನ ಶಾಯಿ ನಿಲ್ಲುವುದಿಲ್ಲ.